ಉಸಿರು ನಿಮ್ಮದು, ಸಮಯ ನಮ್ಮದು

ನೌಕರರು ಮನಸ್ಸಿನ ಒತ್ತಡ ಇಳಿಸಿಕೊಳ್ಳುವುದು ಈಗ ಅವರವರ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಉದ್ದಕ್ಕೂ ಎದ್ದಿರುವ ಗಾಜಿನ ಕಟ್ಟಡಗಳಲ್ಲಿ ಅದು ಕಡ್ಡಾಯ ತರಬೇತಿ. ಗಡುವಿನೊಳಗೆ ನೆಮ್ಮದಿ ಪಡೆಯದವರ ಹೆಸರುಗಳನ್ನು ಕೆಂಪು ಬಣ್ಣದಲ್ಲಿ ಪಟ್ಟಿ ಮಾಡಿ ಅವರ ಮ್ಯಾನೇಜರರಿಗೆ ಕಳುಹಿಸಲಾಗುತ್ತದೆ. ಮ್ಯಾನೇಜರರು ಆ ಪಟ್ಟಿಯನ್ನು ರಾತ್ರಿ ಹತ್ತೂವರೆಗೆ ಇಡೀ ಟೀಮಿಗೆ ರವಾನಿಸಿ, ‘ದಯವಿಟ್ಟು ಇವತ್ತೇ ಮುಗಿಸಿ’ ಎಂದು ಒಂದು ಸಾಲು ಸೇರಿಸುತ್ತಾರೆ.

ಕಂಪ್ಯೂಟರಿನಲ್ಲಿ ಮುಗಿಸುವ ಈ ಪಾಠದ ಜೊತೆಗೆ ಪ್ರತ್ಯಕ್ಷ ಶಿಬಿರವೂ ಇರುತ್ತದೆ, ಮತ್ತು ಅದು ಸಾಮಾನ್ಯವಾಗಿ ಶನಿವಾರ ನಡೆಯುತ್ತದೆ. ವಾರದ ದಿನಗಳಲ್ಲಿ ನಡೆಸಿದರೆ ಕೆಲಸ ಕೆಡುತ್ತದೆ, ಕೆಲಸ ಕೆಟ್ಟರೆ ಒತ್ತಡ ಹೆಚ್ಚುತ್ತದೆ ಎಂಬ ಆಡಳಿತದ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಬೆಳಿಗ್ಗೆ ಒಂಬತ್ತಕ್ಕೆ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ಕಣ್ಣು ಮುಚ್ಚಿಸಿ, ದೀರ್ಘವಾಗಿ ಉಸಿರೆಳೆದುಕೊಳ್ಳಲು ಹೇಳುತ್ತಾರೆ. ಎಳೆದ ಉಸಿರನ್ನು ಬಿಡುವಷ್ಟರಲ್ಲಿ ಮೂರು ಮೊಬೈಲುಗಳು ಗುನುಗುತ್ತವೆ. ನ್ಯೂಜೆರ್ಸಿಯ ಗ್ರಾಹಕರಿಗೆ ಅದಿನ್ನೂ ಶುಕ್ರವಾರದ ರಾತ್ರಿ. ಅನಂತರ ಪ್ರತಿಯೊಬ್ಬರ ಕೈಗೂ ಒಂದು ಬಲೂನು ಮತ್ತು ಸ್ಕೆಚ್ ಪೆನ್ನು ಬರುತ್ತದೆ. ತಮ್ಮ ಒತ್ತಡದ ಮೂಲ ಕಾರಣವನ್ನು ಬಲೂನಿನ ಮೇಲೆ ಬರೆದು, ಮನಸಾರೆ ಒಡೆಯಬೇಕು. ಕಾರಣದ ಹೆಸರಿನ ಮೊದಲ ಅಕ್ಷರವನ್ನು ಬರೆಯಲು ಹೊರಟ ಹುಡುಗ, ಆ ಕಾರಣವೇ ಪಕ್ಕದ ಕುರ್ಚಿಯಲ್ಲಿ ಕೂತು ಕೆನ್ನೆಯುಬ್ಬಿಸಿ ಬಲೂನು ಊದುತ್ತಿರುವುದನ್ನು ಕಂಡು, ‘ಟ್ರಾಫಿಕ್’ ಎಂದು ಬರೆಯುತ್ತಾನೆ. ಅವನನ್ನು ನೋಡಿ ಎಲ್ಲರೂ ಅದನ್ನೇ ಬರೆಯುತ್ತಾರೆ. ಢಬ್ ಢಬ್ ಎಂದು ಟ್ರಾಫಿಕ್ ಒಡೆಯುತ್ತದೆ, ಎಚ್.ಆರ್. ವಿಭಾಗದವರು ಫೋಟೊ ತೆಗೆಯುತ್ತಾರೆ, ಸಂಜೆಯೊಳಗೆ ಲಿಂಕ್ಡ್‌ಇನ್‌ನಲ್ಲಿ ಸಂಸ್ಥೆಯ ಕಾಳಜಿಗೆ ಚಪ್ಪಾಳೆಗಳು ಬೀಳುತ್ತವೆ. ನೌಕರರ ಒತ್ತಡಕ್ಕೆ ನಗರದ ಸಂಚಾರ ವ್ಯವಸ್ಥೆಯೇ ಹೊಣೆ, ಸಂಸ್ಥೆಯದ್ದೇನೂ ಪಾತ್ರವಿಲ್ಲ ಎಂಬ ವರದಿ ಮುಂದಿನ ವಾರ ಆಡಳಿತ ಮಂಡಳಿಯ ಮೇಜಿನ ಮೇಲಿರುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರ ಬಗ್ಗೆ ನಮ್ಮ ಹಿರಿಯರು ಹೇಳಿದ್ದರಲ್ಲ, ಅವರಿಗೆ ಚಿವುಟಿಸಿಕೊಂಡ ಮಗುವಿನಿಂದಲೇ ವರದಿ ಬರೆಸಿಕೊಳ್ಳುವ ಉಪಾಯ ತಿಳಿದಿರಲಿಲ್ಲ.

ಬಾಯಿಬಿಟ್ಟು ಹೇಳಲಾಗದವರಿಗೆ ಗೋಪ್ಯ ಸಮೀಕ್ಷೆಯ ವ್ಯವಸ್ಥೆಯೂ ಉಂಟು. ಅದರಲ್ಲಿ ಹೆಸರು ಕೇಳುವುದಿಲ್ಲ. ವಯಸ್ಸು, ಲಿಂಗ, ಸೇರಿದ ವರ್ಷ, ಪ್ರಾಜೆಕ್ಟು ಮತ್ತು ಕೂರುವ ಮಹಡಿಯನ್ನು ಮಾತ್ರ ಕೇಳುತ್ತಾರೆ. ಇಷ್ಟಕ್ಕೆಲ್ಲ ಹೊಂದುವವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರೆ ಅದು ಸಮೀಕ್ಷೆಯ ತಪ್ಪಲ್ಲ. 2024ರ ಡಿಸೆಂಬರ್‌ನಲ್ಲಿ ನೋಯ್ಡಾದ ಒಂದು ಸಂಸ್ಥೆಯ ಹೆಸರಿನಲ್ಲಿ ಹರಿದಾಡಿದ ಇಮೇಲ್ ಒಂದು, ಸಮೀಕ್ಷೆಯಲ್ಲಿ ತೀವ್ರ ಒತ್ತಡವಿದೆ ಎಂದು ಹೇಳಿಕೊಂಡವರನ್ನು ಕೆಲಸದಿಂದ ಬೀಳ್ಕೊಡಲಾಗುತ್ತಿದೆ ಎಂದು ತಿಳಿಸಿತ್ತು. ಜನ ಉಗಿದ ಮೇಲೆ, ಯಾರನ್ನೂ ತೆಗೆದಿಲ್ಲ, ಇದು ಒತ್ತಡದ ಬಗ್ಗೆ ಜಾಗೃತಿ ಮೂಡಿಸುವ ಪ್ರಚಾರವಷ್ಟೇ ಎಂದು ಸಂಸ್ಥೆ ಸ್ಪಷ್ಟನೆ ನೀಡಿತು. ಜಾಗೃತಿ ಮೂಡಿದ್ದಂತೂ ನಿಜ: ಇನ್ನು ಮುಂದೆ ಯಾವ ಸಮೀಕ್ಷೆಯಲ್ಲೂ ಯಾರಿಗೂ ಒತ್ತಡ ಇರಲಾರದು.

ಇಷ್ಟೆಲ್ಲ ಆರೈಕೆಯ ನಡುವೆಯೂ ಯುವಜನರು ಸಾಕಷ್ಟು ದುಡಿಯುತ್ತಿಲ್ಲ ಎಂಬ ಕೊರಗು ದೊಡ್ಡವರನ್ನು ಬಿಟ್ಟಿಲ್ಲ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ದೇಶಕ್ಕಾಗಿ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಯುವಕರಿಗೆ ಕರೆ ನೀಡಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಪ್ಪಂದ ಜಗತ್ತಿನ ಕೈಗಾರಿಕೆಗಳಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದಾಗ, ಬ್ರಿಟಿಷ್ ಇಂಡಿಯಾಕ್ಕೆಂದು ಅದರಲ್ಲಿ ಪ್ರತ್ಯೇಕ ವಿನಾಯಿತಿ ಬರೆದು 60 ಗಂಟೆ ಮಾಡಲಾಗಿತ್ತು. ಅಂದರೆ, ನಮ್ಮನ್ನು ಹಿಂಡಲೆಂದೇ ಸಮುದ್ರ ದಾಟಿ ಬಂದವರಿಗೂ ಆ ಒಪ್ಪಂದದಲ್ಲಿ ಅರವತ್ತರ ಆಚೆಗೆ ಹೋಗುವ ಧೈರ್ಯವಾಗಿರಲಿಲ್ಲ. ಸ್ವತಂತ್ರ ಭಾರತ 1948ರ ಕಾರ್ಖಾನೆ ಕಾಯ್ದೆಯಲ್ಲಿ 48 ಗಂಟೆಯ ಮಿತಿಯನ್ನು ಬರೆದುಕೊಂಡದ್ದು ಬಹುಶಃ ಹೊಸ ಸ್ವಾತಂತ್ರ್ಯದ ಹುಮ್ಮಸ್ಸಿನಲ್ಲಿ ಆದ ಅಚಾತುರ್ಯ.

2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತಿನ ವಿಡಿಯೊ ಹೊರಬಂದು 90 ಗಂಟೆಯ ಆದರ್ಶ ನಮ್ಮ ಮುಂದೆ ನಿಂತಿತು. ಭಾನುವಾರ ನಿಮ್ಮನ್ನು ದುಡಿಸಲಾಗುತ್ತಿಲ್ಲವಲ್ಲ ಎಂದು ಅವರು ವ್ಯಥೆಪಟ್ಟರು. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. ಎಂಜಿನಿಯರುಗಳ ಸಂಸ್ಥೆಯ ಮುಖ್ಯಸ್ಥರು ಕೇಳಿದ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರಿಸುವುದು ಮರ್ಯಾದೆ. ವಾರದ 168 ಗಂಟೆಗಳಲ್ಲಿ 90 ಕಳೆದರೆ 78, ದಿನಕ್ಕೆ ಎಂಟು ಗಂಟೆಯ ನಿದ್ದೆಗೆ 56 ಹೋದರೆ 22, ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡಿನ ಕಡೆಗೆ ಹೋಗಿಬರುವುದಕ್ಕೆ ದಿನಕ್ಕೆ ಎರಡು ಗಂಟೆ ಎಂದು ಉದಾರವಾಗಿ ಹಿಡಿದರೂ, ಭಾನುವಾರವೂ ಸೇರಿ 14 ಗಂಟೆ. ಉಳಿದದ್ದು 8. ದಿನಕ್ಕೆ ಒಂದು ಗಂಟೆಗೆ ತುಸು ಮೇಲೆ ಬೀಳುವ ಈ ಅವಧಿಯಲ್ಲಿ ಸ್ನಾನ, ಊಟ, ಗ್ಯಾಸ್ ಬುಕಿಂಗ್, ಮಗುವಿನ ಹೋಂವರ್ಕು ಮತ್ತು ಊರಿನಲ್ಲಿರುವ ಅಮ್ಮನ ಫೋನು ಎಲ್ಲವೂ ಮುಗಿಯಬೇಕು. ಹೆಂಡತಿಯೂ ಇನ್ನೊಂದು ಕಟ್ಟಡದಲ್ಲಿ ಅದೇ 90 ಗಂಟೆ ದುಡಿಯುವವರಾದರೆ, ದಂಪತಿ ಪರಸ್ಪರ ಮುಖ ನೋಡಬಹುದಾದ ಸ್ಥಳ ಅಪಾರ್ಟ್‌ಮೆಂಟಿನ ಲಿಫ್ಟು ಮಾತ್ರ. ಅಲ್ಲೂ ಇಬ್ಬರ ಕಿವಿಯಲ್ಲೂ ಮೀಟಿಂಗು ನಡೆದಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದೇ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಅದಕ್ಕಿಂತ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಬಲೂನು ಒಡೆದವರಿಗೆ ಇದರಿಂದ ರಿಯಾಯಿತಿ ಉಂಟೆಂದು ಅದರಲ್ಲಿ ಹೇಳಿಲ್ಲ.

ಕನ್ನಡಾಭಿಮಾನವಿರುವ ಕಚೇರಿಗಳು ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂದು ಬರೆಸಿರುತ್ತವೆ. ಆ ಮಾತು ಆಯ್ದಕ್ಕಿ ಮಾರಯ್ಯನ ವಚನದ್ದು. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಅವನನ್ನು ವಾಪಸು ಕಳುಹಿಸಿದಳು. ಮನೆಯಲ್ಲಿ ಹೆಂಡತಿಯ ಮುಖ ನೋಡಿದರೆ ಉತ್ಪಾದಕತೆಗೆ ಎಂಥ ಧಕ್ಕೆ ಬರುತ್ತದೆ ಎಂಬುದು ಹನ್ನೆರಡನೆಯ ಶತಮಾನದಲ್ಲೇ ಸಾಬೀತಾಗಿದೆ. ಆದ್ದರಿಂದಲೇ ಇರಬೇಕು, ಗೋಡೆಯ ಮೇಲೆ ಲಕ್ಕಮ್ಮನಿಗೆ ಜಾಗವಿಲ್ಲ.

ಸರ್ಕಾರಗಳೂ ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅನ್ನು ಕೇಂದ್ರವಾಗಿಟ್ಟುಕೊಂಡು ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅದೊಂದು ಒಳ್ಳೆಯ ಕೆಲಸ, ಅದರಲ್ಲಿ ನನಗೆ ವ್ಯಂಗ್ಯವಿಲ್ಲ. 2024ರ ಜುಲೈನಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು ಓವರ್‌ಟೈಮ್ ಸೇರಿ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ರಾಜ್ಯದಲ್ಲಿ ತಲೆಯೆತ್ತಿತು. ಕೇಂದ್ರ ಮತ್ತು ರಾಜ್ಯಗಳ ನಡುವೆ ಸಮನ್ವಯವಿಲ್ಲ ಎನ್ನುವವರು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನೌಕರರ ಸಂಘ ಪ್ರತಿಭಟಿಸಿದ ಮೇಲೆ ಆ ಮಾತು ತಣ್ಣಗಾಯಿತು. 2025ರ ಜೂನ್‌ನಲ್ಲಿ ದಿನದ ಮಿತಿಯನ್ನು 9ರಿಂದ 10ಕ್ಕೆ, ಓವರ್‌ಟೈಮ್ ಸೇರಿದರೆ 12ಕ್ಕೆ ಏರಿಸುವ ಇನ್ನೊಂದು ಪ್ರಸ್ತಾವ ಬಂತು. ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿದ ಈ ಚೌಕಾಸಿಯಲ್ಲಿ ನೌಕರರಿಗೆ ಎರಡು ಗಂಟೆ ಲಾಭವಾಯಿತೆಂದು ತಿಳಿಯುವವರು ತಿಳಿಯಬಹುದು.

ಕಚೇರಿಯ ಅವಧಿ ಮುಗಿದ ಮೇಲೆ ಬಾಸ್‌ನ ಕರೆಗೆ ಉತ್ತರಿಸದಿರುವ ಹಕ್ಕನ್ನು ನೌಕರರಿಗೆ ಕೊಡಬೇಕೆಂಬ ಖಾಸಗಿ ಸದಸ್ಯರ ಮಸೂದೆಯನ್ನು, ಅಂದರೆ ಸಚಿವರಲ್ಲದ ಸದಸ್ಯರು ತರುವ ಮಸೂದೆಯನ್ನು, ಸಂಸದೆ ಸುಪ್ರಿಯಾ ಸುಳೆ 2018ರಲ್ಲೇ ಲೋಕಸಭೆಯಲ್ಲಿ ಮಂಡಿಸಿದ್ದರು. 2025ರ ಡಿಸೆಂಬರ್‌ನಲ್ಲಿ ಮತ್ತೆ ಮಂಡಿಸಿದ್ದಾರೆ. 1970ರಿಂದ ಈಚೆಗೆ ಯಾವ ಖಾಸಗಿ ಸದಸ್ಯರ ಮಸೂದೆಯೂ ನಮ್ಮ ಸಂಸತ್ತಿನಲ್ಲಿ ಕಾನೂನಾಗಿಲ್ಲ. ಇಂಥ ಮಸೂದೆಗಳ ಚರ್ಚೆಗೆ ಲೋಕಸಭೆ ಮೀಸಲಿಟ್ಟಿರುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆಗಳನ್ನು. ಅಷ್ಟು ಹೊತ್ತಿಗೆ ಮಾನ್ಯ ಸದಸ್ಯರಲ್ಲಿ ಅನೇಕರು ವಾರಾಂತ್ಯಕ್ಕೆಂದು ವಿಮಾನ ನಿಲ್ದಾಣದ ದಾರಿ ಹಿಡಿದಿರುತ್ತಾರೆ.