ಕುರಿಯ ಎಡಗಡೆ

ಪಶುವೈದ್ಯಕೀಯ ಕಾಲೇಜಿನ ಮೊದಲ ವರ್ಷದಲ್ಲಿ ನಮಗೆ ಸಿಕ್ಕ ಪ್ರಾಣಿಗಳೆಲ್ಲ ಬಹಳ ವಿಧೇಯವಾಗಿದ್ದವು. ಕತ್ತಿನ ರಕ್ತನಾಳದ ಮೂಲಕ ಫಾರ್ಮಲಿನ್ ತುಂಬಿಸಿಕೊಂಡು ಕಬ್ಬಿಣದ ಚೌಕಟ್ಟಿಗೆ ಆತು ನಿಂತಿದ್ದ ಎಮ್ಮೆಗರುವಿನ ಒಳಗೆ ಹೃದಯ, ಯಕೃತ್ತು, ಮೂತ್ರಪಿಂಡಗಳೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಪಠ್ಯದ ಚಿತ್ರ ಎಲ್ಲಿ ತೋರಿಸಿತ್ತೋ ಅಲ್ಲಿಯೇ ಕುಳಿತಿರುತ್ತಿದ್ದವು. ನಮ್ಮ ಕಣ್ಣಲ್ಲಿ ಬರುತ್ತಿದ್ದ ನೀರಿಗೆ ಫಾರ್ಮಲಿನ್ ಕಾರಣವೇ ಹೊರತು ಕರುಣೆಯಲ್ಲ. ಇಂಥ ಶಿಸ್ತಿನ ಹೆಣಗಳ ಮೇಲೆ ಅಂಗರಚನಾಶಾಸ್ತ್ರ ಕಲಿತು, ಮೌಖಿಕ ಪರೀಕ್ಷೆಯನ್ನೂ ದಾಟಿ, ಪ್ರಾಣಿಯ ಒಳಗಿನ ಭೂಗೋಳವೆಲ್ಲ ತಮಗೆ ಅಂಗೈನೆಲ್ಲಿ ಎಂದು ನಂಬಿದ್ದ ಹುಡುಗರ ಗುಂಪೊಂದು ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ಶಿಬಿರಕ್ಕೆಂದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ಹೋಯಿತು. ಅದರಲ್ಲಿ ನಾನೂ ಇದ್ದೆ.

ವಾಸ ಸರ್ಕಾರಿ ಶಾಲೆಯ ಎರಡು ಕೊಠಡಿಗಳಲ್ಲಿ. ಶಾಲೆಯ ಹಿಂದಿನ ಹೊಲದಲ್ಲಿ ವಲಸೆ ಕುರಿಗಾರರು ದಖನಿ ಕುರಿಗಳ ಮಂದೆ ತರುಬಿದ್ದರು. ಗೊಬ್ಬರಕ್ಕಾಗಿ ಹೊಲದವನೇ ದುಡ್ಡೋ ಕಾಳೋ ಕೊಟ್ಟು ಮಂದೆಯನ್ನು ನಿಲ್ಲಿಸಿಕೊಳ್ಳುವ ಈ ಏರ್ಪಾಡಿನಲ್ಲಿ ಲಾಭವೆಲ್ಲ ಅವರಿಬ್ಬರದು; ರಾತ್ರಿಯಿಡೀ ಕುರಿಗಳ ಕೆಮ್ಮು ಕೇಳುವ ಭಾಗ್ಯ ಮಾತ್ರ ನಮ್ಮದು. ಒಂದು ಬೆಳಿಗ್ಗೆ ನಾವು ಉಪ್ಪಿಟ್ಟಿನ ತಟ್ಟೆ ಹಿಡಿದು ಕುಳಿತಿದ್ದಾಗ ಹಿರಿಯ ಕುರಿಗಾರನೊಬ್ಬ ಸತ್ತ ಕುರಿಯೊಂದನ್ನು ಹೆಗಲ ಮೇಲೆ ತಂದು ಮೆಟ್ಟಿಲ ಮುಂದೆ ಇಳಿಸಿ, "ದೊಡ್ಡ ಡಾಕ್ಟರು ಯಾರ್ರೀ ಇದರಾಗ?" ಎಂದು ಕೇಳಿದ. ನಾವೆಲ್ಲರೂ ಒಮ್ಮತದಿಂದ ನಮ್ಮ ಮೇಷ್ಟ್ರ ಕಡೆ ನೋಡಿದೆವು.

ಮೇಷ್ಟ್ರು ಅವಸರದವರಲ್ಲ. ಹಠಾತ್ತಾಗಿ ಸತ್ತ ಪ್ರಾಣಿಯನ್ನು ಕೊಯ್ಯುವ ಮೊದಲು ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಏಕೆಂದರೆ ಹೆಣವನ್ನು ತೆರೆದರೆ ಆ ರೋಗಾಣು ಗಾಳಿಯ ಸಂಪರ್ಕದಿಂದ ಬೀಜಕವಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತದೆ. ಅವರು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದ ಮೇಲೆ "ಶುರು ಮಾಡಿ, ಕೈ ತೊಳೆದು ಬಂದೆ" ಎಂದು ಹೇಳಿ ಒಳಗೆ ಹೋದರು. ಅವರು ಕೈ ತೊಳೆಯುವುದರಲ್ಲಿಯೂ ಅವಸರದವರಲ್ಲ.

ಮೆಲುಕು ಹಾಕುವ ಪ್ರಾಣಿಯ ಶವಪರೀಕ್ಷೆಯಲ್ಲಿ ಹೆಣವನ್ನು ಎಡ ಮಗ್ಗುಲಿಗೆ ಮಲಗಿಸಬೇಕೆಂಬುದು ನಿಯಮ. ಹೊಟ್ಟೆಯ ಎಡಭಾಗವನ್ನೆಲ್ಲ ಆಕ್ರಮಿಸಿಕೊಂಡಿರುವ ಮೊದಲ ಜಠರ, ಅಂದರೆ ರೂಮೆನ್, ಆಗ ಕೆಳಗೆ ಬಿದ್ದು ಉಳಿದ ಅಂಗಗಳಿಗೆ ದಾರಿ ಬಿಡುತ್ತದೆ. ನಿಯಮ ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೆ ಎಡವೆಂದರೆ ಕುರಿಯ ಎಡವೋ, ಎದುರು ನಿಂತು ನೋಡುವವನ ಎಡವೋ ಎಂಬ ಚರ್ಚೆ ಹುಟ್ಟಿ, ಶಾಸ್ತ್ರಕ್ಕಿಂತ ದನಿಯೇ ದೊಡ್ಡದಾಗಿದ್ದ ನಮ್ಮ ಗೆಳೆಯನೊಬ್ಬ ಗೆದ್ದ. ಕುರಿ ಬಲ ಮಗ್ಗುಲಿಗೆ ಮಲಗಿತು. 10 ಲೀಟರಿಗೂ ಹೆಚ್ಚು ಹಿಡಿಯುವ, ಸತ್ತ ಮೇಲೂ ಹುದುಗುತ್ತಲೇ ಹೋಗುವ, ಬಿಸಿಲಿಗೆ ಬಿಗಿದು ನಿಂತಿದ್ದ ರೂಮೆನ್ ನೇರವಾಗಿ ಆಕಾಶಕ್ಕೆ ಮುಖ ಮಾಡಿತು. ಕುರಿಗಾರ ಏನನ್ನೂ ಹೇಳದೆ ನಾಲ್ಕು ಹೆಜ್ಜೆ ಹಿಂದೆ ಸರಿದ. ಅದರ ಅರ್ಥ ನಮಗೆ ಆಗಲಿಲ್ಲ.

ಚಾಕು ಚರ್ಮವನ್ನು ದಾಟಿ ಒಂದು ಅಂಗುಲ ಹೆಚ್ಚು ಇಳಿಯಿತು. ಆಮೇಲೆ ಕೇಳಿಸಿದ್ದು ಒಂದು ದೀರ್ಘ ನಿಟ್ಟುಸಿರು. ಅದರ ಬೆನ್ನಿಗೇ ಅರೆಜೀರ್ಣವಾದ ಹಸಿರು ಹುಲ್ಲಿನ ಗಂಜಿ ಗೆಳೆಯನ ಕನ್ನಡಕ, ಎದುರಿಗಿದ್ದ ಮೂವರ ಬಿಳಿ ಕೋಟು, ಮತ್ತು ಸರಿಯಾಗಿ ಅದೇ ಕ್ಷಣಕ್ಕೆ ತೊಳೆದ ಕೈಗಳನ್ನು ಮುಂದೆ ಚಾಚಿಕೊಂಡು ಬಂದ ಮೇಷ್ಟ್ರ ಅಂಗಿಯ ಮೇಲೆ ಸಮಾನವಾಗಿ ಹಂಚಿಹೋಯಿತು. ಮೇಷ್ಟ್ರು ಬೈಯಲಿಲ್ಲ. "ಇದು ರೂಮೆನ್" ಎಂದು ಮಾತ್ರ ಹೇಳಿದರು.

ಮಗ್ಗುಲು ಬದಲಿಸಿದ ಮೇಲೂ ಒಳಗಿನ ಲೋಕ ನಮಗೆ ಒಲಿಯಲಿಲ್ಲ. ಕೈ ಹಾಕಿದಲ್ಲೆಲ್ಲ ಜಾರುವ, ಬಿಸಿಯಿನ್ನೂ ಆರದ ಅಂಗಗಳು. ಬೂದು ಬಣ್ಣದ್ದು ಒಂದೂ ಇಲ್ಲ. 20 ಮೀಟರಿಗೂ ಉದ್ದವಾದ ಸಣ್ಣ ಕರುಳು, ಶಾಮಿಯಾನ ಕಟ್ಟುವವನ ಚೀಲದ ಹಗ್ಗದಂತೆ, ಒಂದು ತುದಿ ಹಿಡಿದು ಎಳೆದರೆ ಇನ್ನೊಂದು ಕಡೆ ಗಂಟಾಗುತ್ತಿತ್ತು. ಗುಲ್ಮವನ್ನು ಹುಡುಕಲು ಹೊರಟವನು ಮೂತ್ರಪಿಂಡದೊಂದಿಗೆ ಮರಳಿದ. ನೋಡಿ ನೋಡಿ ಬೇಸತ್ತ ಕುರಿಗಾರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಂದೇ ಕೈಯಿಂದ ಯಕೃತ್ತನ್ನು ಹೊರಗೆಳೆದು ಪಿತ್ತನಾಳದ ಮೇಲೆ ಗೀರಿದ. ಹೆಬ್ಬೆರಳಿನಿಂದ ಒತ್ತಿದಾಗ ಎಲೆಯಾಕಾರದ ಚಪ್ಪಟೆ ಹುಳುಗಳು ಒಂದರ ಹಿಂದೊಂದು ಜಾರಿ ಬಂದವು. "ಗದ್ದಕ್ಕ ನೀರು ಇಳಿದಾಗs ಅಂದಿದ್ದೆ. ಕಾಲುವಿ ಗದ್ದ್ಯಾಗ ಮೇಯಿಸಿದ್ರ ಹಿಂಗs ಆಗತೈತಿ," ಎಂದ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬಸವನಹುಳು, ಬಸವನಹುಳುವಿನಿಂದ ಈ ಚಪ್ಪಟೆ ಹುಳುವಿನ ಮರಿ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಎಂದು ನಾವು ಮೂರು ಪುಟಗಳಲ್ಲಿ ಬರೆಯುತ್ತಿದ್ದ ಉತ್ತರವನ್ನು ಆತ ಒಂದು ಸಾಲಿನಲ್ಲಿ ಮುಗಿಸಿ ಬೀಡಿ ಹಚ್ಚಿದ.

ಈ ಸಂಭ್ರಮದಲ್ಲಿ ಬದಿಗಿಟ್ಟಿದ್ದ ಶ್ವಾಸಕೋಶವನ್ನು ಯಾರೂ ಗಮನಿಸಲಿಲ್ಲ, ಮಂದೆಯ ನಾಯಿಯೊಂದನ್ನು ಬಿಟ್ಟು. ಆ ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಗಳಿದ್ದವು. ಅಂಥ ಗುಳ್ಳೆಯನ್ನು ನಾಯಿ ತಿಂದರೆ ಅದರ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮನುಷ್ಯನ ಹೊಟ್ಟೆ ಸೇರಿದರೆ ಅವನಲ್ಲಿಯೂ ಗುಳ್ಳೆಗಳು ಏಳುತ್ತವೆ. ಈ ಇಡೀ ಜೀವನಚಕ್ರವನ್ನು ಮೇಷ್ಟ್ರು ನಮಗೆ ಬೋಧಿಸಿದ್ದು ಹಸಿರು ಅಂಗಿಯಲ್ಲಿ, ಉತ್ತ ಎರೆ ಹೊಲದಲ್ಲಿ, ನಾಯಿಯ ಹಿಂದೆ ಓಡುತ್ತ. ಬಿಳಿ ಕೋಟಿನ ನಾವು ಅವರ ಹಿಂದೆ, ಊರಿನ ಮಕ್ಕಳು ನಮ್ಮ ಹಿಂದೆ. ಕೊನೆಗೆ ಕುರಿಗಾರ ಒಂದು ಸಿಳ್ಳೆ ಹಾಕಿದ; ನಾಯಿ ನಿಂತು, ಬಾಯಲ್ಲಿದ್ದುದನ್ನು ಕೆಳಗಿಟ್ಟಿತು.

ಉಳಿದ ಕುರಿಗಳಿಗೆಲ್ಲ ಜಂತುನಾಶಕ ಕುಡಿಸುವುದೆಂದು ಗೊತ್ತಾಯಿತು. ಹೆಣವನ್ನು ಸುಣ್ಣ ಹಾಕಿ ಆಳದಲ್ಲಿ ಹೂಳಬೇಕಿತ್ತು. ಎರೆ ನೆಲ ಬೇಸಿಗೆಯಲ್ಲಿ ಹೇಗಿರುತ್ತದೆಂದು ತಿಳಿದವರಿಗೆ ಆ ಮಧ್ಯಾಹ್ನದ ವಿವರ ಬೇಕಿಲ್ಲ. ಶಿಬಿರದ ವರದಿಯಲ್ಲಿ "ಶ್ರಮದಾನ" ಎಂಬ ಅಂಕಣಕ್ಕೆ ಏನು ಬರೆಯುವುದೆಂದು ಅಲ್ಲಿಯವರೆಗೂ ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಸ್ವಹಸ್ತಾಕ್ಷರದಲ್ಲಿ ಬರೆದರು: "ಗುಂಡಿ 1, ಆಳ 6 ಅಡಿ."