ಸತ್ಯಾಂಶ: ಎಚ್‌ಐವಿ ಹತ್ತು ವರ್ಷ ಟೆಸ್ಟಿಗೆ ಸಿಗುವುದಿಲ್ವಾ?

‘ನೆಗೆಟಿವ್ ಬಂದರೂ ನಂಬಬೇಡಿ, ಎಚ್‌ಐವಿ ಹತ್ತು ವರ್ಷ ಅಡಗಿರುತ್ತದೆ’ ಎಂಬ ಫಾರ್ವರ್ಡ್ ನಮ್ಮ ಕಾಸರಗೋಡಿನ ವಾಟ್ಸಾಪ್ ಗ್ರೂಪುಗಳಲ್ಲೂ ಸುತ್ತುತ್ತಿದೆ. ಅರ್ಧ ನಿಜ. ಕಾಯಿಲೆಯ ಲಕ್ಷಣ ಕಾಣಲು ವರ್ಷಗಳೇ ಹಿಡಿಯಬಹುದು. ಟೆಸ್ಟಿಗೆ ಅಷ್ಟು ಕಾಲ ಬೇಡ.

ಬೆರಳು ಚುಚ್ಚಿ ಹನಿ ರಕ್ತದಲ್ಲಿ ಮಾಡುವ ಟೆಸ್ಟ್ ಸಾಮಾನ್ಯವಾಗಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು. ಅದು ಮೂಡಲು ಕೆಲವು ವಾರ ಬೇಕು. ಸೋಂಕು ತಗುಲಿರಬಹುದಾದ ಘಟನೆಯ ಮರುದಿನವೇ ಓಡಿಹೋಗಿ ತಂದ ನೆಗೆಟಿವ್‌ಗೆ ಅರ್ಥವಿಲ್ಲ. 90 ದಿನ ಕಳೆದ ಮೇಲಿನದನ್ನು ನಂಬಬಹುದು. ತೋಳಿನಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ (ವೈರಸ್ಸಿನ ಅಂಶವನ್ನೂ ಹುಡುಕುವ) ಲ್ಯಾಬ್ ಟೆಸ್ಟಿಗೆ 45 ದಿನ ಸಾಕು.

ಆ ಘಟನೆ ನಡೆದು ಇನ್ನೂ 72 ಗಂಟೆ ಆಗಿಲ್ವಾ? ಸುಮ್ನೆ ಗೂಗಲ್ ಮಾಡುತ್ತಾ ಕೂರಬೇಡಿ. ಈಗಲೇ ಆಸ್ಪತ್ರೆಯಲ್ಲಿ ‘ಪೆಪ್’ ಕೇಳಿ, ಸೋಂಕು ನೆಲೆಯೂರದಂತೆ ತಡೆಯಲು ಕೊಡುವ 28 ದಿನದ ಮಾತ್ರೆ. ಅದನ್ನು ನುಂಗಿದವರಿಗೆ ಟೆಸ್ಟಿನ ದಿನ ಬದಲಾಗುತ್ತದೆ, ಡಾಕ್ಟರೇ ಹೇಳುತ್ತಾರೆ.

ಕೇರಳದ ‘ಜ್ಯೋತಿಸ್’ ಕೇಂದ್ರಗಳಲ್ಲಿ ಟೆಸ್ಟ್ ಉಚಿತ, ಗುಟ್ಟೂ ಕಾಯುತ್ತಾರೆ. ಫೋನಿನಲ್ಲೇ ಕೇಳುವುದಾದರೆ ಎಚ್‌ಐವಿ ಸಹಾಯವಾಣಿ 1097.