ಬ್ರೂಕ್ಲಿನ್ನಿನ 42 ಮತ್ತು ನಮ್ಮ ಧಾರವಾಡದ ಬಾಳೂ

ನ್ಯೂಯಾರ್ಕಿಗೆ ಬಂದ ಮೊದಲ ವರ್ಷ, ಏಪ್ರಿಲ್ 15ರಂದು ಟಿ.ವಿ.ಯಲ್ಲಿ ಬೇಸ್‌ಬಾಲ್ ನೋಡುತ್ತ ಕಕ್ಕಾಬಿಕ್ಕಿಯಾಗಿದ್ದೆ. ಎರಡೂ ತಂಡಗಳ ಎಲ್ಲ ಆಟಗಾರರ ಬೆನ್ನ ಮೇಲೂ ಒಂದೇ ಸಂಖ್ಯೆ: 42. ಅದು ಜಾಕಿ ರಾಬಿನ್ಸನ್ ಅವರ ಅಂಗಿಯ ಸಂಖ್ಯೆ. 1947ರ ಅದೇ ದಿನ ಅವರು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದು, ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನಲ್ಲಿ ಆರು ದಶಕಗಳಿಂದ ಕಪ್ಪು ಆಟಗಾರರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದರು. ಉಳಿದ ದಿನಗಳಲ್ಲಿ ಆ ಸಂಖ್ಯೆಯನ್ನು ಯಾರಿಗೂ ಕೊಡುವುದಿಲ್ಲ. 1997ರಲ್ಲೇ ಹಾಗೆ ತೀರ್ಮಾನವಾಗಿದೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಜಾಶ್ ಗಿಬ್ಸನ್ ಅವರ ಕಥೆ. ಬದುಕಿನ ಬಹುಪಾಲು ಕಪ್ಪು ಜನರ ಪ್ರತ್ಯೇಕ ಲೀಗ್‌ಗಳಲ್ಲೇ ಆಡಿದ ಈ ಬ್ಯಾಟರ್ 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾಗಿಲು ತೆರೆಯಲು ಇನ್ನು ಮೂರು ತಿಂಗಳು ಇತ್ತು. 2024ರಲ್ಲಿ ಮೇಜರ್ ಲೀಗ್ ಆ ಲೀಗ್‌ಗಳ ಅಂಕಿಗಳನ್ನೂ ತನ್ನ ದಾಖಲೆಗೆ ಸೇರಿಸಿತು. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಬ್ಯಾಟ್ ಮಾಡಿದ ಸರದಿಗಳಲ್ಲಿ ಹಿಟ್ ಆದವುಗಳ ಪಾಲು. ಗಿಬ್ಸನ್ ಅವರ ಸರಾಸರಿ .372, ಅಲ್ಲಿಯವರೆಗೆ ಮೊದಲಿಗರಾಗಿದ್ದ ಟೈ ಕಾಬ್ ಅವರ .367ನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿತು. ಆಡಿದ ಪಂದ್ಯಗಳು ಕಡಿಮೆ, ಲೆಕ್ಕವೂ ಪೂರ್ತಿ ಸಿಕ್ಕಿಲ್ಲ ಎಂದು ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ಒಳಗೆ ಬಿಡದವರೇ ‘ನೀನು ಒಳಗೆ ಆಡಲಿಲ್ಲವಲ್ಲ’ ಎನ್ನುವುದು ಯಾವ ನ್ಯಾಯ?

ಅವರೊಡನೆ ಹೀಗೆ ವಾದಿಸಿ ಮನೆಗೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಧಾರವಾಡದಲ್ಲಿ ಬೆಳೆದವನು. ಅಲ್ಲಿನ ಮೈದಾನಗಳಲ್ಲಿ ಹತ್ತು ವರ್ಷ ಕ್ರಿಕೆಟ್ ಆಡಿದ್ದೇನೆ. 1876ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ಹೆಸರನ್ನು ಒಬ್ಬ ಗುರುವೂ ನನಗೆ ಹೇಳಲಿಲ್ಲ. ಇಲ್ಲಿನ ಗ್ರಂಥಾಲಯದಲ್ಲಿ ಓದಿ ತಿಳಿದೆ. ದಲಿತ ಕುಟುಂಬದ ಬಾಳೂ ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನ ಪಿಚ್ ಹದಗೊಳಿಸುತ್ತ, ಅವರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡುತ್ತ ಎಡಗೈ ಸ್ಪಿನ್ನರ್ ಆದರು. ಸಮುದಾಯಕ್ಕೊಂದು ತಂಡವಿದ್ದ ಆ ಕಾಲದಲ್ಲಿ, ಯುರೋಪಿಯನ್ನರನ್ನು ಸೋಲಿಸಲು ಹಿಂದೂಗಳ ತಂಡಕ್ಕೆ ಅವರು ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ದಕ್ಕಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು.

ಜಾತಿ ಬೇರೆ, ವರ್ಣ ಬೇರೆ, ನಾನು ಬಲ್ಲೆ. ಆದರೂ ತನ್ನ ತಂಡದವರು ಇಳಿದುಕೊಂಡ ಹೋಟೆಲಿನೊಳಕ್ಕೆ ಕೆಲವು ಊರುಗಳಲ್ಲಿ ಪ್ರವೇಶವಿಲ್ಲದ ರಾಬಿನ್ಸನ್ನರಿಗೆ ಆ ಕುಡಿಕೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಮೆರಿಕದಲ್ಲಿ ಅನ್ಯಾಯ ಮುಗಿದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಎಂಟು ವರ್ಷದ ಮಗುವಿಗೂ 42 ಎಂದರೆ ಯಾರೆಂದು ಗೊತ್ತಿದೆ.

ಊರಿನಲ್ಲಿ ನನ್ನ ಅಣ್ಣನ ಮಗನೂ ಎಡಗೈ ಸ್ಪಿನ್ನರ್. ಕಳೆದ ವಾರ ಫೋನಿನಲ್ಲಿ ಅವನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಕಾ, ಅವರು ನಮ್ಮ ಧಾರವಾಡದವರೇ?” ಎಂದು ಎರಡು ಸಲ ಕೇಳಿದ.